ಹೊಸ ಗಣಕವ್ಯವಸ್ಥೆಯೂ ನಮ್ಮ ಕರ್ತವ್ಯವೂ

2025ನೆಯ ಇಸವಿಯ ಅಕ್ಟೋಬರ್ 14ನೆಯ ತಾರೀಖಿನಂದು, ಪ್ರಪಂಚದ ಕೋಟ್ಯಂತರ ಗಣಕಯಂತ್ರಗಳನ್ನು ನಡೆಯಿಸುತ್ತಿದ್ದ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ನಿರ್ಮಾತೃಗಳಾದ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ಪೋಷಣೆಯನ್ನು ನಿಲ್ಲಿಸಿದರು. ಅಂದಿನಿಂದ ಆ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ದೋಷಗಳಿಗೆ ಸಾಮಾನ್ಯ ಬಳಕೆದಾರನಿಗೆ ತಾನಾಗಿ ಪರಿಹಾರ ಬರುವುದು ನಿಂತಿತು. ಮನೆಬಳಕೆಯ ಯಂತ್ರಗಳಲ್ಲಿ ಹೆಸರು ನೋಂದಾಯಿಸಿಕೊಂಡವುಗಳಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತಿದ್ದುಪಡಿಗಳನ್ನು ಕೊಡುವುದಾಗಿ ಸಂಸ್ಥೆಯವರು ಪ್ರಕಟಿಸಿದರು. ಉಳಿದವರು 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಏರಬೇಕು, ಇಲ್ಲವೇ ಅಪಾಯವನ್ನು ತಿಳಿದೇ ಹಳೆಯದರಲ್ಲಿ ಇರಬೇಕು.

ಅಮೆರಿಕದಲ್ಲಿ ಆದ ಈ ನಿರ್ಣಯಕ್ಕೂ ಹೊಸದುರ್ಗದ ತೆಂಗು ಬೆಳೆಯುವವನಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧ ಬಹಳವಾಗಿದೆ. ಈ ಶತಮಾನದ ಆರಂಭದಲ್ಲಿಯೇ 'ಭೂಮಿ' ಯೋಜನೆಯ ಮೂಲಕ ನಮ್ಮ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಇಂದು ಸಹಕಾರ ಸಂಘದ ಸಾಲದ ಲೆಕ್ಕ, ಶಾಲೆಯ ಅಂಕಪಟ್ಟಿ, ಗ್ರಾಮ ಪಂಚಾಯತಿಯ ಕಂದಾಯದ ವಹಿ, ಪೇಟೆಬೀದಿಯಲ್ಲಿ ಅಚ್ಚಾಗುವ ಲಗ್ನಪತ್ರಿಕೆ ಇವೆಲ್ಲವೂ ಇದೇ ಯಂತ್ರದ ಮೂಲಕ ನಡೆಯುತ್ತವೆ. ಯಂತ್ರದ ಬುಡದಲ್ಲಿರುವ ವ್ಯವಸ್ಥೆ ಅಲುಗಿದರೆ ಅದರ ಮೇಲೆ ಕಟ್ಟಿದ ಲೋಕವ್ಯವಹಾರವೂ ಅಲುಗುವುದು ಸಹಜ. ಆದುದರಿಂದ ಇದು ಯಂತ್ರ ರಿಪೇರಿ ಮಾಡುವವರ ವಿಷಯವೆಂದು ಮಹಾಜನರು ಉದಾಸೀನರಾಗಿ ಕೂಡುವುದು ಸಲ್ಲದು.

ಹೊಸ ವ್ಯವಸ್ಥೆಯ ಮುಂದೆ ಮೊದಲ ಬಾರಿಗೆ ಕುಳಿತವನಿಗೆ ಕಾಣುವುದೇನು? ತೆರೆಯ ಎಡಮೂಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಕೈಗೆ ರೂಢಿಯಾಗಿದ್ದ ಆರಂಭದ ಗುಂಡಿ ಮಧ್ಯಕ್ಕೆ ಸರಿದಿದೆ. ಮೌಸಿನ ಬಲಗುಂಡಿಯನ್ನು ಒತ್ತಿದೊಡನೆ ಬರುತ್ತಿದ್ದ ಆಜ್ಞೆಗಳಲ್ಲಿ ಅನೇಕವು ಎರಡನೆಯ ಬಾಗಿಲ ಹಿಂದೆ ಅಡಗಿವೆ. ನೋಟ ಅಂದವಾಗಿದೆ; ಅಕ್ಷರಗಳು ಸ್ಪಷ್ಟವಾಗಿವೆ. ಇವೆಲ್ಲ ವಾರವೆರಡು ವಾರಗಳಲ್ಲಿ ಕೈಗೆ ಒಗ್ಗುವ ಸಂಗತಿಗಳು. ಇವನ್ನು ಹಿಡಿದು ಹೊಸತನ್ನು ಹಳಿಯುವುದು ನ್ಯಾಯವಲ್ಲ. ಮನುಷ್ಯನಿಗೆ ಅಭ್ಯಾಸವೇ ಒಂದು ವಾದವಾಗಿಬಿಡುತ್ತದೆ ಎಂಬುದನ್ನು ನಾವು ಬಲ್ಲೆವು.

ಆದರೆ ಅಭ್ಯಾಸದ ಮಾತಲ್ಲದ ಎರಡು ಮೂರು ವಿಷಯಗಳಿವೆ. ಮೊದಲನೆಯದು ಯಂತ್ರದ ಅರ್ಹತೆ. ವಿಂಡೋಸ್ 11ನ್ನು ಹಾಕಿಕೊಳ್ಳಲು ಗಣಕದಲ್ಲಿ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಅಂಗವಿರಬೇಕು. ಗುಪ್ತ ಕೀಲಿಗಳನ್ನು ಕಾಯ್ದಿರಿಸುವುದೂ, ಯಂತ್ರ ಏಳುವಾಗ ಯಾರೂ ಅದರ ಮೂಲವನ್ನು ಕೆಡಿಸಿಲ್ಲವೆಂಬುದನ್ನು ಪರಿಶೀಲಿಸಲು ನೆರವಾಗುವುದೂ ಅದರ ಕೆಲಸ. ಜೊತೆಗೆ ಇಂಟೆಲ್ ಸಂಸ್ಥೆಯ ಸಂಸ್ಕಾರಕವಾದರೆ, ಕೆಲವು ಅಪವಾದಗಳನ್ನು ಬಿಟ್ಟು, 2017ರಲ್ಲಿ ಹೊರಬಂದ ಎಂಟನೆಯ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿರಬೇಕೆಂದು ನಿಯಮವಿದೆ. ಅರ್ಹವಾದ ಯಂತ್ರಕ್ಕೆ ಹೊಸ ವ್ಯವಸ್ಥೆ ಬೆಲೆಯಿಲ್ಲದೆ ಬರುತ್ತದೆ. ಅನರ್ಹವಾದ ಯಂತ್ರದ ಒಡೆಯನು ಮಾತ್ರ ಯಂತ್ರವನ್ನೇ ಕೊಳ್ಳಬೇಕು. ಹೊಳಲ್ಕೆರೆಯ ಒಂದು ಸಣ್ಣ ಅಚ್ಚುಕೂಟದಲ್ಲಿಯೋ ಹಿರಿಯೂರಿನ ಒಂದು ಸೇವಾಕೇಂದ್ರದಲ್ಲಿಯೋ ದುಡಿಯುತ್ತಿರುವ ಹತ್ತು ವರ್ಷದ ಗಣಕವು ಕೆಟ್ಟದ್ದಲ್ಲ, ನಿಂತದ್ದಲ್ಲ. ಆದರೂ ಅದು ಒಂದೇ ದಿನದಲ್ಲಿ ಬಹಿಷ್ಕೃತವಾಗುತ್ತದೆ. ಉಳುವ ಎತ್ತು ಬಲವಾಗಿರುವಾಗಲೇ ನೊಗ ಬದಲಾಯಿತೆಂದು ಅದನ್ನು ಮಾರಲು ಹೇಳಿದಂತೆ ಇದು.

ಎರಡನೆಯದು ಖಾತೆಯ ವಿಷಯ. ಮನೆಬಳಕೆಯ ವಿಂಡೋಸ್ 11ನ್ನು ಮೊದಲು ಸ್ಥಾಪಿಸುವಾಗ ಅಂತರಜಾಲದ ಸಂಪರ್ಕವನ್ನೂ ಆ ಸಂಸ್ಥೆಯಲ್ಲಿ ಒಂದು ಖಾತೆಯನ್ನೂ ಅದು ಕೇಳುತ್ತದೆ. 2024ರಲ್ಲಿ ಬಂದ ಆವೃತ್ತಿಯಿಂದೀಚೆಗೆ ಹೊಸದಾಗಿ ಸ್ಥಾಪಿಸಿದ ಅನೇಕ ಯಂತ್ರಗಳಲ್ಲಿ ಒಳಗಿನ ಕಡತಗಳೆಲ್ಲ ತಾವಾಗಿಯೇ ಗೂಢಲಿಪಿಗೆ ತಿರುಗುತ್ತವೆ; ಬಿಡಿಸುವ ಕೀಲಿಯು ಆ ಖಾತೆಯಲ್ಲಿ ಇರುತ್ತದೆ. ಕಳ್ಳನು ಯಂತ್ರವನ್ನೊಯ್ದರೂ ಕಡತವನ್ನು ಓದಲಾರನೆಂಬುದು ಇದರ ಗುಣ. ಆದರೆ ನಮ್ಮ ಊರುಗಳಲ್ಲಿ ಯಂತ್ರವನ್ನು ಸಿದ್ಧಮಾಡಿಕೊಡುವವನು ಅಂಗಡಿಯ ಹುಡುಗ. ಖಾತೆಯನ್ನು ತೆರೆಯುವವನೂ ಅವನೇ. ಅವನು ಬೇರೆ ಊರಿಗೆ ಹೋದ ಮೇಲೆ ಗುಪ್ತಪದವೂ ಅವನೊಂದಿಗೆ ಹೋಗುತ್ತದೆ. ಮುಂದೆ ಯಂತ್ರವು ಕೀಲಿಯನ್ನು ಕೇಳಿದ ದಿನ ಸಂಘದ ಕಾರ್ಯದರ್ಶಿಗಳು ತಮ್ಮ ಮನೆಯ ಬಾಗಿಲಲ್ಲಿಯೇ ಪರಕೀಯರಂತೆ ನಿಲ್ಲಬೇಕಾದೀತು. ಖಾತೆಯು ಒಡೆಯನ ಹೆಸರಿನಲ್ಲಿಯೇ ಇರತಕ್ಕದ್ದು; ಕೀಲಿಯನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಡತಕ್ಕದ್ದು.

ಮೂರನೆಯದಾದ ಕನ್ನಡದ ವಿಷಯವನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ಇದನ್ನು ಹೇಳುವ ಮೊದಲು ನಮ್ಮ ವಾಚಕರನ್ನು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಒಮ್ಮೆ ಕರೆದೊಯ್ಯಲು ಅಪ್ಪಣೆ ಬೇಡುತ್ತೇವೆ. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅವನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆಂದು ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಓದಿದರು; ಅದರ ಕೆಲವು ಅಕ್ಷರಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಇದೇ ಚಂದ್ರವಳ್ಳಿಯಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ನೆಲವನ್ನು ಅಗೆಯಿಸಿದರು. ಆ ಬ್ರಹ್ಮಗಿರಿಯ ಅಶೋಕ ಶಾಸನವಾದರೋ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಗಾಳಿ ಮಳೆಗಳಲ್ಲಿ ನಿಂತಿತ್ತು. ಕಲ್ಲು ಅಳಿಯಲಿಲ್ಲ, ಅಕ್ಷರ ಅಳಿಯಲಿಲ್ಲ. ಆದರೆ ಓದುವ ವಿದ್ಯೆ ಅಳಿಯಿತು. ತಲೆಮಾರುಗಳ ಜನರು ಅದರ ಬದಿಯಲ್ಲಿಯೇ ದನ ಕಾಯ್ದರು. ಏನು ಬರೆದಿದೆಯೆಂದು ಹೇಳುವವರು ಯಾರೂ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮಿಯನ್ನು ಬಿಡಿಸಿದ ಮೇಲೆ, 1892ರಲ್ಲಿ ಲೂಯಿ ರೈಸ್ ಅವರು ಆ ಶಾಸನವನ್ನು ಕಂಡುಹಿಡಿದ ಮೇಲೆ, ಅದು ಮತ್ತೆ ಮಾತನಾಡಿತು.

ಬರಹ ಉಳಿದೂ ಓದು ಅಳಿಯುವ ಈ ದುರವಸ್ಥೆಗೆ ನಮ್ಮ ಕಾಲದಲ್ಲಿ ಎರಡು ಸಾವಿರ ವರ್ಷ ಬೇಕಿಲ್ಲ. ಇಪ್ಪತ್ತು ವರ್ಷ ಸಾಕು. ಕಾರಣವನ್ನು ವಿವರಿಸುತ್ತೇವೆ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಿಂದಲೇ 128 ಸ್ಥಾನಗಳು ಮೀಸಲಾಗಿದ್ದರೂ, ವಿಂಡೋಸಿನಲ್ಲಿ ಅದಕ್ಕೆ ತಕ್ಕ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಡನೆ, 'ತುಂಗಾ' ಎಂಬ ಅಕ್ಷರಶೈಲಿಯ ಮೂಲಕ. ಅದಕ್ಕೆ ಮುಂಚೆಯೂ ಅನಂತರ ಬಹುಕಾಲವೂ ನಮ್ಮವರು ಬೇರೆ ಉಪಾಯದಿಂದ ಕೆಲಸ ಸಾಗಿಸಿದರು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳ ಚಿತ್ರಗಳನ್ನು ಕೂರಿಸಿದರು. 1998ರಲ್ಲಿ ಬಂದ 'ಬರಹ'ವೂ, ಕನ್ನಡ ಗಣಕ ಪರಿಷತ್ತಿನವರ 'ನುಡಿ'ಯೂ ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಅವಿಲ್ಲದಿದ್ದರೆ ನಮ್ಮ ಕಚೇರಿಗಳು ಇಂಗ್ಲಿಷಿನಲ್ಲಿಯೇ ಉಳಿಯುತ್ತಿದ್ದವು. ಆದರೆ ಆ ಪದ್ಧತಿಯಲ್ಲಿ ಬರೆದ ಕಡತವು ಆಯಾ ಅಕ್ಷರಶೈಲಿ ಇದ್ದಲ್ಲಿ ಮಾತ್ರ ಕನ್ನಡ. ಇಲ್ಲದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದರಲ್ಲಿ ಒಂದು ಹೆಸರನ್ನು ಹುಡುಕಿದರೆ ಸಿಕ್ಕದು. ಅಕಾರಾದಿಯಾಗಿ ಜೋಡಿಸಿದರೆ ಜೋಡಣೆಯಾಗದು.

ನಮ್ಮ ಪಟ್ಟಣಗಳ ಅಚ್ಚಿನ ಅಂಗಡಿಗಳಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಪುಟಗಳನ್ನು ಜೋಡಿಸಲು ಬಹುಕಾಲದಿಂದ ನಂಬಿಕೊಂಡ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಮಾಡಿದವರೇ ಅದನ್ನು ಕೈಬಿಟ್ಟು ಬಹಳ ವರ್ಷಗಳಾದವು. ವಿಂಡೋಸ್ 11 ಬರುವುದು 64 ಬಿಟ್ಟಿನ ರೂಪದಲ್ಲಿ ಮಾತ್ರ. ಹಳೆಯ 32 ಬಿಟ್ಟಿನ ಡ್ರೈವರುಗಳನ್ನೇ ನಂಬಿದ ಮುದ್ರಣಯಂತ್ರಗಳು ಅದರೊಡನೆ ನಡೆಯಲಾರವು. ಹೀಗೆ ಒಂದು ಕೊಂಡಿಯನ್ನು ಬದಲಾಯಿಸಲು ಹೋದವನು ಇಡೀ ಸರಪಳಿಯನ್ನೇ ಬದಲಾಯಿಸಬೇಕಾಗುತ್ತದೆ. ಆ ಅವಸರದಲ್ಲಿ ಹಳೆಯ ಯಂತ್ರವು ಗುಜರಿಗೆ ಹೋದರೆ, ಅದರೊಡನೆ ಒಂದು ಊರಿನ ಜಾತ್ರಾಪತ್ರಿಕೆ, ಸ್ಮರಣಸಂಚಿಕೆ, ಸ್ಥಳಪುರಾಣ, ಸಂಘದ ನಡವಳಿ ಪುಸ್ತಕ, ಒಬ್ಬ ಬಡಕವಿಯ ಏಕೈಕ ಹಸ್ತಪ್ರತಿ ಇವೂ ಹೋಗುತ್ತವೆ. ಇದು ಯಾರ ಲೆಕ್ಕದಲ್ಲಿಯೂ ಬರದ ನಷ್ಟ. ಆದರೆ ತುಂಬಲಾರದ ನಷ್ಟ.

ಹಾಗಾದರೆ ಹಳೆಯದನ್ನೇ ಹಿಡಿದುಕೊಂಡು ಇರೋಣವೇ? ಇದಕ್ಕೆ ನಮ್ಮ ಉತ್ತರ, ಬೇಡವೆಂಬುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಿಗೆ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆಗೆ ಅಡ್ಡಿಯುಂಟುಮಾಡಿತು. ಆ ದೋಷಕ್ಕೆ ಪರಿಹಾರವು ಎರಡು ತಿಂಗಳ ಮುಂಚೆ, ಮಾರ್ಚ್ ತಿಂಗಳಲ್ಲಿಯೇ ಬಂದಿತ್ತು; ಹಾಕಿಕೊಳ್ಳದವರು ಕೆಟ್ಟರು. ರೈತನ ಪಹಣಿಯನ್ನೂ ವಿಧವೆಯ ಪಿಂಚಣಿಯನ್ನೂ ನೋಡುವ ಯಂತ್ರವನ್ನು ಬೇಲಿಯಿಲ್ಲದ ಹೊಲದಂತೆ ಬಿಡುವುದು ಅಪರಾಧವೇ ಸರಿ. ಇನ್ನೊಂದು ಕಡೆ, ಬಂದ ತಿದ್ದುಪಡಿಯನ್ನೆಲ್ಲ ಕಣ್ಣುಮುಚ್ಚಿ ಸ್ವೀಕರಿಸುವುದೂ ಕ್ಷೇಮವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯವರ ಒಂದು ದೋಷಯುಕ್ತ ತಿದ್ದುಪಡಿಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ಸ್ತಬ್ಧವಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಟ್ಟರು. ಏರುವುದೂ ಬೇಕು, ಒಂದೊಂದೇ ಮೆಟ್ಟಲನ್ನು ನೋಡಿ ಏರುವುದೂ ಬೇಕು.

ಇಲ್ಲಿ ಸ್ವಾವಲಂಬನದ ಪ್ರಶ್ನೆಯೂ ಏಳುತ್ತದೆ. 2025ರ ಜುಲೈ ತಿಂಗಳಲ್ಲಿ ಐರೋಪ್ಯ ಒಕ್ಕೂಟದವರು ಗುಜರಾತಿನ ವಾಡಿನಾರಿನಲ್ಲಿ ತೈಲಶುದ್ಧಿ ಕಾರ್ಖಾನೆಯುಳ್ಳ ನಯಾರಾ ಎನರ್ಜಿ ಕಂಪೆನಿಯ ಮೇಲೆ ನಿರ್ಬಂಧ ಹೇರಿದಾಗ, ಮೈಕ್ರೋಸಾಫ್ಟಿನವರು ಆ ಕಂಪೆನಿಗೆ ತಮ್ಮ ಸೇವೆಗಳನ್ನು ನಿಲ್ಲಿಸಿದರು. ವಿಷಯವು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ಅವು ಮರಳಿದವು. ಯಾರು ಸರಿ, ಯಾರು ತಪ್ಪು ಎಂಬ ವಿಚಾರಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಭಾರತದ ನೆಲದ ಮೇಲಿನ ಒಂದು ಉದ್ಯಮದ ನಿತ್ಯವ್ಯವಹಾರವು ಪರದೇಶದ ನಿರ್ಣಯದಿಂದ ನಿಲ್ಲಬಹುದೆಂಬ ಸಂಗತಿಯೇ ನಮ್ಮನ್ನು ಎಚ್ಚರಿಸಲು ಸಾಕು. ಇದಕ್ಕೆ ಪರ್ಯಾಯಗಳು ಇಲ್ಲದಿಲ್ಲ. ಮೂಲವು ಎಲ್ಲರಿಗೂ ತೆರೆದಿರುವ ಲಿನಕ್ಸ್ ವ್ಯವಸ್ಥೆಯನ್ನು ಆಧರಿಸಿ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯವರು 'ಬಾಸ್' ಎಂಬುದನ್ನು ನಿರ್ಮಿಸಿದ್ದಾರೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ವರ್ಷಗಳಿಂದ ಅಂತಹ ವ್ಯವಸ್ಥೆಯಲ್ಲಿಯೇ ಕಲಿತಿದ್ದಾರೆ. ವಿಂಡೋಸ್ 11 ತಿರಸ್ಕರಿಸಿದ ಯಂತ್ರದಲ್ಲಿಯೂ ಲಿನಕ್ಸ್ ನಡೆಯುತ್ತದೆ; ಅದರಲ್ಲಿ ಯೂನಿಕೋಡ್ ಕನ್ನಡವೂ ಇದೆ.

ಆದಾಗ್ಯೂ ಉತ್ಸಾಹದ ಭರದಲ್ಲಿ ಸತ್ಯವನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಬೆರಳಚ್ಚು ಪಡೆಯುವ ಉಪಕರಣಗಳು, ಅಂಕೀಯ ಸಹಿಯ ಕೀಲಿಗಳು, ಲೆಕ್ಕ ಬರೆಯುವ ತಂತ್ರಾಂಶಗಳು ಇವುಗಳಲ್ಲಿ ಅನೇಕವು ವಿಂಡೋಸಿಗೆಂದೇ ಮಾಡಿದವುಗಳು. ಸೇವಾಕೇಂದ್ರದವನಿಗೆ ನಾಳೆಯೇ ಲಿನಕ್ಸ್ ಹಾಕಿಕೋ ಎಂದು ಉಪದೇಶಿಸಿದರೆ ಅವನ ಅಂಗಡಿ ಮುಚ್ಚೀತು. ಶಾಲೆಯ ಪ್ರಯೋಗಶಾಲೆ, ಗ್ರಂಥಾಲಯ, ಬರಿಯ ಬರವಣಿಗೆಯ ಮೇಜು ಇವುಗಳಲ್ಲಿ ಮಾತ್ರ ಅದು ಇಂದೇ ಸಾಧ್ಯ. ಸಾಧ್ಯವಿರುವಲ್ಲಿ ತೊಡಗಿದರೆ ಉಳಿದದ್ದು ಕ್ರಮೇಣ ಒದಗುವುದು.

ಆದುದರಿಂದ ಸರ್ಕಾರದವರಿಗೂ ಸ್ಥಳೀಯ ಸಂಸ್ಥೆಗಳವರಿಗೂ ನಮ್ಮ ಸೂಚನೆಗಳು ಇವು. ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಶಾಲೆಗಳಲ್ಲಿ, ಪಂಚಾಯತಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇರುವ ಗಣಕಗಳ ಪಟ್ಟಿಯನ್ನು ಮೊದಲು ಮಾಡಬೇಕು: ಯಾವುದು ಏರಬಲ್ಲದು, ಯಾವುದು ಏರಲಾರದು, ಯಾವುದರಲ್ಲಿ ಹಳೆಯ ಅಕ್ಷರಶೈಲಿಯ ಕಡತಗಳಿವೆ ಎಂಬುದು ತಿಳಿಯದೆ ಒಂದು ಯಂತ್ರವನ್ನೂ ವಿಲೇವಾರಿ ಮಾಡಕೂಡದು. ಎರಡನೆಯದಾಗಿ, ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು ಯಂತ್ರ ಬದಲಾಯಿಸುವ ಮೊದಲೇ ಮುಗಿಸಬೇಕು. ತಿರುಗಿಸುವ ತಂತ್ರಾಂಶಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟಾದ್ದರಿಂದ ಕನ್ನಡ ಬಲ್ಲವರೊಬ್ಬರು ಕೂತು ಕರಡು ತಿದ್ದಲೇಬೇಕು. ನಮ್ಮ ಕಾಲೇಜುಗಳಲ್ಲಿ ಕನ್ನಡ ಓದುವ ತರುಣರಿಗೆ ಗೌರವಧನವನ್ನು ಕೊಟ್ಟು ಇದನ್ನು ಮಾಡಿಸಿದರೆ ಕಡತವೂ ಉಳಿಯುತ್ತದೆ, ಅವರಿಗೆ ಕಸಬೂ ದೊರೆಯುತ್ತದೆ. ಮೂರನೆಯದಾಗಿ, ಮುಂದೆ ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ತಂತ್ರಾಂಶವೂ ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಬೇಕು, ಒಂದೇ ವ್ಯವಸ್ಥೆಗೆ ಕಟ್ಟುಬಿದ್ದಿರಬಾರದು ಎಂಬ ನಿಬಂಧನೆಯನ್ನು ಕರಾರಿನಲ್ಲಿ ಸೇರಿಸಬೇಕು. ನಾಲ್ಕನೆಯದಾಗಿ, ಏರಲಾರದ ಯಂತ್ರಗಳನ್ನು ಗುಜರಿಗೆ ಹಾಕದೆ, ಲಿನಕ್ಸ್ ಸ್ಥಾಪಿಸಿ ಹಳ್ಳಿಯ ಶಾಲೆಗಳಿಗೆ ಕೊಡಬೇಕು. ನಿಜವಾಗಿಯೂ ಕೆಟ್ಟವುಗಳನ್ನು ಇ-ತ್ಯಾಜ್ಯದ ನಿಯಮಾನುಸಾರ ಅಧಿಕೃತರಿಗೆ ಒಪ್ಪಿಸಬೇಕು.

ಅಚ್ಚುಕೂಟದವರಿಗೂ ಗೃಹಸ್ಥರಿಗೂ ಒಂದು ಮಾತು. ಸರ್ಕಾರದ ಆಜ್ಞೆಗಾಗಿ ಕಾಯಬೇಡಿರಿ. ಈ ವಾರವೇ ನಿಮ್ಮ ಕಡತಗಳ ಎರಡು ಪ್ರತಿಗಳನ್ನು ತೆಗೆದು ಬೇರೆ ಬೇರೆ ಕಡೆ ಇಡಿರಿ. ಹಳೆಯ ಅಕ್ಷರಶೈಲಿಯನ್ನೂ ಅವುಗಳೊಡನೆಯೇ ಇಡಿರಿ. ಮುಖ್ಯವಾದುದನ್ನು ಯೂನಿಕೋಡಿಗೆ ತಿರುಗಿಸಿರಿ. ಅತ್ಯಂತ ಮುಖ್ಯವಾದುದನ್ನು ಕಾಗದದ ಮೇಲೂ ಅಚ್ಚುಮಾಡಿಸಿರಿ. ಅನಂತರ ನಿರ್ಭಯವಾಗಿ ಹೊಸ ವ್ಯವಸ್ಥೆಗೆ ಏರಿರಿ.

ವ್ಯವಸ್ಥೆಗಳು ಬರುತ್ತವೆ, ಹೋಗುತ್ತವೆ. ಎಕ್ಸ್‌ಪಿಯ ಪೋಷಣೆ 2014ರಲ್ಲಿಯೂ ವಿಂಡೋಸ್ 7ರದು 2020ರಲ್ಲಿಯೂ ಮುಗಿಯಿತು. ಇಂದಿನ ಹೊಸದೂ ಒಂದು ದಿನ ಹಳೆಯದಾಗುವುದು. ಬದಲಾವಣೆಯ ಕಾಲವನ್ನು ಗೊತ್ತುಮಾಡುವ ಅಧಿಕಾರ ಇಂದು ನಮ್ಮ ಕೈಯಲ್ಲಿಲ್ಲ. ನಮ್ಮ ಬರಹವನ್ನು ಬದಲಾವಣೆಯ ಆಚೆಯ ದಡಕ್ಕೆ ಮುಟ್ಟಿಸುವ ಹೊಣೆ ಮಾತ್ರ ನಮ್ಮದೇ ಆಗಿದೆ. ಚಂದ್ರವಳ್ಳಿಯ ಬಂಡೆಯನ್ನು ಓದಲು ನಮಗೆ ವಿದ್ವಾಂಸರು ದೊರೆತರು. ನಮ್ಮ ಇಪ್ಪತ್ತು ವರ್ಷಗಳ ಕನ್ನಡವನ್ನು ಓದಲು ನಮ್ಮ ಮಕ್ಕಳು ಮತ್ತೊಬ್ಬ ಪ್ರಿನ್ಸೆಪ್ಪನಿಗಾಗಿ ಕಾಯುವಂತೆ ಆಗಬಾರದೆಂದು ಸರ್ಕಾರದವರನ್ನೂ ಮಹಾಜನರನ್ನೂ ನಾವು ಆಗ್ರಹಪೂರ್ವಕವಾಗಿ ಪ್ರಾರ್ಥಿಸುತ್ತೇವೆ.