ನಗಿಸಿದವರು ನಮ್ಮವರು, ನಗೆಯ ಮಾತು ನಮ್ಮದಲ್ಲ

ಶಂಕರನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದಲ್ಲಿ. ಅಣ್ಣ ಅನಂತನಾಗ್ ಬಾಲ್ಯದಲ್ಲಿ ಕೆಲಕಾಲ ಓದಿದ್ದು ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರದಲ್ಲಿ. ಮನೆಮಾತು ಕೊಂಕಣಿ. ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ಗಣೇಶನ ಮದುವೆ’, ‘ಗೌರಿ ಗಣೇಶ’ ನೋಡಿ ನಕ್ಕ ಕರ್ನಾಟಕಕ್ಕೆ ಇವರು ನಮ್ಮ ಕಡೆಯವರು ಎಂದು ಹೇಳಿಕೊಳ್ಳುವ ಹೆಮ್ಮೆ ಉತ್ತರ ಕನ್ನಡ ಕರಾವಳಿಯವರಿಗೆ ಈಗಲೂ ಇದೆ. ಆದರೆ ‘ಗಣೇಶನ ಮದುವೆ’ಯಲ್ಲಿ ಅನಂತನಾಗ್ ಆಡಿದ್ದು ಬೆಂಗಳೂರಿನ ವಠಾರದ ಕನ್ನಡ. ತಪ್ಪು ಅವರದ್ದಲ್ಲ, ಕಥೆ ಬೇಡಿದ್ದೇ ಅದನ್ನು.

2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರಕ್ಕೆ ಬನ್ನಿ. ರಿಷಬ್ ಶೆಟ್ಟಿ ಗಡಿನಾಡಿನ ಮಕ್ಕಳಿಗೆ ಅವರದೇ ಕನ್ನಡ ಕೊಟ್ಟರು. ಅಲ್ಲೂ ಕರಾವಳಿಯ ಅನಂತನಾಗ್ ಪಾಲಿಗೆ ಬಂದದ್ದು ಮೈಸೂರಿನವನ ಪಾತ್ರ! ಜೊತೆಗೆ, ಕನ್ನಡದ ಮಕ್ಕಳಿಗೆ ದನಿ ಬಂದ ಆ ಚಿತ್ರದಲ್ಲಿ ಮಲಯಾಳಿಗಳು ನಗೆಪಾಟಲಾದರು. ಒಬ್ಬರ ಪ್ರಾತಿನಿಧ್ಯ ಇನ್ನೊಬ್ಬರ ಅಪಹಾಸ್ಯವಾಗುವ ಈ ಅಪಾಯ ಹಾಸ್ಯಕ್ಕೆ ಯಾವತ್ತೂ ಇದ್ದದ್ದೇ.

ರುಮೇನಿಯಾದ ರಾದು ಜೂಡೆ 2015ರಲ್ಲಿ ‘ಅಫೆರಿಮ್’ ಮಾಡಿದಾಗ ಆ ಅಪಾಯವನ್ನೇ ಕಥೆಯ ಒಳಗೆ ತಂದರು. 1835ರ ವಲಾಕಿಯಾದಲ್ಲಿ ಓಡಿಹೋದ ರೋಮಾ ಗುಲಾಮನನ್ನು ಹಿಡಿಯಲು ಹೊರಟ ಪೇದೆಯ ಬಾಯಲ್ಲಿ ಬೈಗುಳ, ಗಾದೆ, ಚಟಾಕಿ ಒಂದರ ಮೇಲೊಂದು. ದಾರಿಯಲ್ಲಿ ಸಿಗುವ ಪಾದ್ರಿಯದಂತೂ ಪರಜನಾಂಗಗಳ ಮೇಲೆ ಬೈಗುಳದ ಮಳೆ. ನಕ್ಕ ಪ್ರೇಕ್ಷಕನೂ ಆ ಕ್ರೌರ್ಯದಲ್ಲಿ ಪಾಲುದಾರನಾಗಿಬಿಡುತ್ತಾನೆ. ಬರ್ಲಿನ್ ಚಿತ್ರೋತ್ಸವದಲ್ಲಿ ಜೂಡೆಗೆ ನಿರ್ದೇಶನದ ಬೆಳ್ಳಿಕರಡಿ ಸಿಕ್ಕಿತು.

ನಮ್ಮ ಯಕ್ಷಗಾನಕ್ಕೆ ಹಾಸ್ಯದ ಈ ಅಪಾಯ ಹೊಸತೇನಲ್ಲ. ಹೊನ್ನಾವರದ ಕರ್ಕಿಯಲ್ಲಿ ‘ಹಾಸ್ಯಗಾರ’ ಎಂಬುದು ಮನೆತನದ ಅಡ್ಡಹೆಸರೇ ಆಗಿದೆ. ರಂಗಸ್ಥಳದಲ್ಲಿ ರಾಜ ಗ್ರಂಥಸ್ಥ ಕನ್ನಡದಲ್ಲಿ ಗುಡುಗಿದರೆ, ದೂತನಾಗಿಯೋ ಅಂಬಿಗನಾಗಿಯೋ ಬರುವ ಹಾಸ್ಯಗಾರ ಊರ ಮಾತಿನಲ್ಲೇ ಅವನ ಕಾಲೆಳೆಯುತ್ತಾನೆ. ಊರಿನ ನಾಲಗೆಗೆ ಅಧಿಕಾರ ಸಿಗುವ ಗಳಿಗೆ ಅದು. ಆದರೆ ಅದೇ ನಾಲಗೆ ಕೆಳಜಾತಿಯವರ ಮಾತನ್ನು ಅಣಕಿಸಿದ್ದೂ ಉಂಟು. ನಗೆಯ ಹಿಡಿತ ಯಾರ ಕೈಲಿದೆ ಎಂಬುದೇ ಮುಖ್ಯ.

ಸಿನಿಮಾಕ್ಕೆ ಈ ಕರಾವಳಿ ಬೇಕಾಗಿರುವುದು ಹೆಚ್ಚಾಗಿ ಹಿನ್ನೆಲೆಗೆ. ‘ನಮ್ಮೂರ ಮಂದಾರ ಹೂವೇ’ (1996) ಕುಮಟಾ ತಾಲ್ಲೂಕಿನ ಯಾಣದ ಬಂಡೆಗಳನ್ನು ಮನೆಮಾತಾಗಿಸಿತು. ಬಂಡೆಯ ಬುಡದಲ್ಲಿರುವ ಜನರ ಮಾತು? ಕುಮಟೆಯ ಮೀನುಪೇಟೆಯಲ್ಲಿ ಖಾರ್ವಿ ಹೆಂಗಸು ಬಂಗಡೆ ಮಾರುತ್ತ ಪಕ್ಕದವಳಿಗೆ ಕೊಂಕಣಿ, ಹಾಲಕ್ಕಿ ಅಜ್ಜಿಗೆ ಕನ್ನಡ, ಭಟ್ಕಳದಿಂದ ಬಂದ ನವಾಯತ ಮುಸ್ಲಿಂ ಗಿರಾಕಿಗೆ ಹರಕುಮುರುಕು ಹಿಂದಿ ಆಡುತ್ತಾಳೆ. ಚೌಕಾಸಿಯಲ್ಲಿ ಅವಳು ಎಸೆಯುವ ಕೊಂಕಿನ ಮುಂದೆ ಎಷ್ಟೋ ಸಂಭಾಷಣೆಕಾರರು ಸಪ್ಪೆ. ಭಟ್ಕಳವಂತೂ ಸುದ್ದಿವಾಹಿನಿಗಳಿಗೆ ನೆನಪಾಗುವುದು ಪೊಲೀಸ್ ಕಥೆಗಷ್ಟೇ. ಮನೆಯಲ್ಲಿ ನವಾಯತಿ ಆಡುವ ಅಲ್ಲಿನ ಕುಟುಂಬಗಳಲ್ಲೂ ಮಾವ-ಅಳಿಯರ ಜಗಳ, ಬಿರಿಯಾನಿಗೆ ಉಪ್ಪು ಹೆಚ್ಚಾದ ಪಂಚಾಯಿತಿ ಇರದೇ ಇರುತ್ತದೆಯೇ?

ಪಾತ್ರಕ್ಕೊಂದು ಟೋಪಿ ಅಥವಾ ಮಣಿಸರ ಹಾಕಿಸಿ ‘ವೈವಿಧ್ಯ’ ಎಂದು ಲೆಕ್ಕ ಕೊಡುವುದರಲ್ಲಿ ಅರ್ಥವಿಲ್ಲ. ಮುರುಡೇಶ್ವರಕ್ಕೆ ಕ್ಯಾಮೆರಾ ಹೊತ್ತು ಬರುವ ತಂಡಗಳು ಸಂಭಾಷಣೆ ಬರೆಯಲು ಇಲ್ಲಿನ ಒಬ್ಬರನ್ನಾದರೂ ಕೂರಿಸಿಕೊಳ್ಳಲಿ, ಕಲಾವಿದರ ಆಯ್ಕೆಯನ್ನು ಹೊನ್ನಾವರ, ಭಟ್ಕಳದಲ್ಲೂ ನಡೆಸಲಿ.