ಕಾರಿನ ಏರಿಯಲ್ಲೂ ನೆಗಡಿಯ ಮೂಗೂ

ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡವನ ಗಾದೆ ನಮಗೆಲ್ಲ ತಿಳಿದದ್ದೇ. ಆದರೆ ಗಾದೆಗಳನ್ನು ನಾವು ಮಾತಿಗೆ ಬಳಸುವಷ್ಟು ಬಾಳಿಗೆ ಬಳಸುವುದಿಲ್ಲ. ಮಿಕ್ಸಿಯ ಸ್ವಿಚ್ಚು ಕೆಟ್ಟರೆ ಮಿಕ್ಸಿಯನ್ನೇ ಬದಲಾಯಿಸುತ್ತೇವೆ. ಕೊಡೆಯ ಒಂದು ಕಡ್ಡಿ ಮುರಿದರೆ ಹೊಸ ಕೊಡೆಯನ್ನೇ ತರುತ್ತೇವೆ. ಈ ಅಭ್ಯಾಸಕ್ಕೆ ಒಳ್ಳೆಯ ನಿದರ್ಶನವೊಂದನ್ನು ವಾಚಕರ ಮುಂದಿಡಬಯಸುತ್ತೇವೆ. ಅದು ಹಳೆಯ ಕಾರುಗಳ ವಿದ್ಯುತ್ ಏರಿಯಲ್. ಶಾಲೆಯ ವಾರ್ಷಿಕ ಸಂಚಿಕೆಗೆ ಇದೆಂಥ ವಿಷಯವೆಂದು ಕೆಲವರು ನಗಬಹುದು. ಆದರೆ ಈ ಸಣ್ಣ ಕೊಳವೆಯಲ್ಲಿ ಭೌತಶಾಸ್ತ್ರವೂ ಇದೆ, ಮನೆವಾರ್ತೆಯೂ ಇದೆ, ಮಕ್ಕಳಿಗೆ ಕಲಿಸಬೇಕಾದ ಒಂದು ಬುದ್ಧಿಯೂ ಇದೆ.

ರೇಡಿಯೋ ಹಾಕಿದೊಡನೆ ಸರ್ರನೆ ಮೇಲೇರುವ, ಆರಿಸಿದೊಡನೆ ತಾನಾಗಿ ಒಳಗಿಳಿಯುವ ಏರಿಯಲ್ಲು 1970ರಿಂದ 1990ರವರೆಗಿನ ದಶಕಗಳಲ್ಲಿ ಅಮೆರಿಕ, ಜಪಾನ್, ಜರ್ಮನಿಗಳ ಅನೇಕ ಕಾರುಗಳಲ್ಲಿ ಇರುತ್ತಿತ್ತು. ಮರ್ಸಿಡಿಸ್-ಬೆಂಜ್‌ನ ಡಬ್ಲ್ಯು 124 ಮಾದರಿಯನ್ನೇ ನೋಡೋಣ. 1995ರಲ್ಲಿ ಈ ಕಂಪೆನಿಯು ಪುಣೆಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿದ್ದೇ ಈ ಮಾದರಿಯಿಂದ. ಜಗತ್ತಿನಾದ್ಯಂತ ಓಡಿದ ಈ ಮಾದರಿಯ ಕಾರುಗಳಲ್ಲಿ ಹಲವಕ್ಕೆ ಹಿಂಬದಿಯ ಮಡ್‌ಗಾರ್ಡಿನೊಳಗೆ ಜರ್ಮನಿಯ ಹಿರ್ಶ್‌ಮಾನ್ ಕಂಪೆನಿಯ ವಿದ್ಯುತ್ ಏರಿಯಲ್ಲನ್ನು ಅಳವಡಿಸಿದ್ದರು. ಇಂದಿನ ಕಾರುಗಳಲ್ಲಿ ಇದು ಕಾಣುವುದಿಲ್ಲ. ಛಾವಣಿಯ ಮೇಲೆ ಮೀನಿನ ರೆಕ್ಕೆಯಂಥ ಒಂದು ಗುಬಟು ಇರುತ್ತದೆ, ಇಲ್ಲವೇ ಗಾಜಿನೊಳಗೆ ತಂತಿ ಅಡಗಿರುತ್ತದೆ.

ಏರಿಯಲ್ಲು ಅಷ್ಟು ಉದ್ದವಾಗಿ ಏರಬೇಕಾದುದೇಕೆ? ಬರಿಯ ಅಲಂಕಾರಕ್ಕೆಂದು ತಿಳಿದವರು ಬಹಳ ಮಂದಿ. ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಬಲ್ಲನು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಎಫ್.ಎಂ. ಕಂಪನಾಂಕ 100.3 ಮೆಗಾಹರ್ಟ್ಸ್. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗಾಂತರ ಸುಮಾರು 3 ಮೀಟರ್ ಎಂದು ಬರುತ್ತದೆ. ಅದರ ಕಾಲುಭಾಗ 75 ಸೆಂಟಿಮೀಟರ್. ಕಾರಿನ ಲೋಹದ ಮೈಯ ಮೇಲೆ ನೆಟ್ಟ ಕಡ್ಡಿಯು ತರಂಗಾಂತರದ ಕಾಲುಭಾಗದಷ್ಟಿದ್ದರೆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಪೂರ್ಣವಾಗಿ ಏರಿದ ಏರಿಯಲ್ಲಿನ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಮಧ್ಯಮ ತರಂಗಗಳಾದರೋ ಕೆಲವು ನೂರು ಮೀಟರ್ ಉದ್ದದವು. ಅವುಗಳ ಕಾಲುಭಾಗದ ಕಡ್ಡಿಯನ್ನು ಯಾವ ಕಾರೂ ಹೊರಲಾರದು. ಅಲ್ಲಿ ಕಡ್ಡಿ ಉದ್ದವಾದಷ್ಟೂ ಲಾಭ.

ಈ ಲೆಕ್ಕ ಪಟ್ಟಣದ ನಡುವೆ ಇರುವವರಿಗೆ ಅಷ್ಟು ಮುಖ್ಯವಲ್ಲ, ನಮಗೆ ಮುಖ್ಯ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರ. ನಡುವೆ ಗುಡ್ಡಗಳಿವೆ, ತಗ್ಗುಗಳಿವೆ, ತೋಟಗಳಿವೆ. ಸ್ಟುಡಿಯೋದ ಬಳಿ ಗಿಡ್ಡ ಕಡ್ಡಿಗೂ ಸಿಗುವ ಧ್ವನಿ ಇಲ್ಲಿ ಉದ್ದ ಕಡ್ಡಿಗೆ ಮಾತ್ರ ಸ್ಪಷ್ಟವಾಗಿ ಸಿಗಬಹುದು. ಗಡಿಯಾಚೆಯಿಂದ ಬರುವ ಕನ್ನಡ ವಾರ್ತೆಗೂ ಕರಕರ ಸದ್ದಿಗೂ ನಡುವೆ ಇರುವ ಅಂತರ ಕೆಲವೊಮ್ಮೆ ಈ 75 ಸೆಂಟಿಮೀಟರ್ ಮಾತ್ರ.

ಇನ್ನು ಅದರ ಒಳಗನ್ನು ನೋಡೋಣ. ಒಂದರೊಳಗೊಂದು ಸೇರುವ ನಾಲ್ಕಾರು ಲೋಹದ ಕೊಳವೆಗಳು, ಎಲ್ಲಕ್ಕಿಂತ ತೆಳುವಾದ ಕೊಳವೆಗೆ ಕಟ್ಟಿದ ನೈಲಾನ್ ದಾರ, ಆ ದಾರದ ಒಂದು ಮಗ್ಗುಲಿಗೆ ಗರಗಸದಂಥ ಹಲ್ಲುಗಳು. ಕೆಳಗೆ ಒಂದು ಪುಟ್ಟ ಮೋಟಾರು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಹಲ್ಲು ದಾರದ ಹಲ್ಲನ್ನು ಕಚ್ಚಿ ಮೇಲಕ್ಕೆ ನೂಕುತ್ತದೆ, ಹಿಂದಕ್ಕೆ ತಿರುಗಿದರೆ ಕೆಳಕ್ಕೆ ಎಳೆಯುತ್ತದೆ. ಉಳಿದ ದಾರ ದುಂಡನೆಯ ಡಬ್ಬಿಯೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ರೇಡಿಯೋ ಹಾಕಿದಾಗ ಒಂದು ತೆಳು ತಂತಿಯಲ್ಲಿ 12 ವೋಲ್ಟಿನ ಸಂಜ್ಞೆ ಹೋಗಿ ರಿಲೇಯನ್ನು ಎಚ್ಚರಿಸುತ್ತದೆ. ಸಂಜ್ಞೆ ನಿಂತಾಗ ಮೋಟಾರು ಹಿಂದಕ್ಕೆ ತಿರುಗುತ್ತದೆ. ಬಾವಿಯ ರಾಟೆಯನ್ನು ಬಲ್ಲ ಹುಡುಗನಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ.

ನಮ್ಮ ನಾಡಿನ ಹವೆ ಈ ಯಂತ್ರಕ್ಕೆ ಮಿತ್ರನಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಕಡಲ ಉಪ್ಪುಗಾಳಿ, ರಸ್ತೆಯ ಕೆಂಪು ಧೂಳು, ಇವೆಲ್ಲ ಕೊಳವೆಗಳ ಸಂದಿಯಲ್ಲಿ ಕೂರುತ್ತವೆ. ಕೊಳವೆ ಬಿಗಿಯುತ್ತದೆ, ಮೋಟಾರು ತಳ್ಳುತ್ತದೆ, ನಡುವೆ ಸಿಕ್ಕಿದ ನೈಲಾನಿನ ಹಲ್ಲು ಸವೆಯುತ್ತದೆ ಅಥವಾ ದಾರ ತುಂಡಾಗುತ್ತದೆ. ಕೆಳಗೆ ಬಾಗಿದ ಮರದ ಕೊಂಬೆಗೆ ತಗುಲಿ ಕೊಳವೆ ಬಾಗುವುದೂ ಉಂಟು. ಮೋಟಾರಿನ ಡಬ್ಬಿಯ ಅಡಿಯಲ್ಲಿ ನೀರು ಹೊರಹೋಗಲು ಒಂದು ರಬ್ಬರ್ ಕೊಳವೆ ಇರುತ್ತದೆ. ಅದು ಮುಚ್ಚಿಹೋದರೆ ಮಳೆಗಾಲದಲ್ಲಿ ಮೋಟಾರು ನೀರಿನಲ್ಲಿ ಕುಳಿತಂತೆಯೇ.

ಹೀಗೆ ಕೆಟ್ಟ ಏರಿಯಲ್ಲನ್ನು ಹಿಡಿದು ಗ್ಯಾರೇಜಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಪೂರ್ತಿ ಹೊಸತು ಹಾಕಿ. ಇಲ್ಲವೇ ಕಿತ್ತುಹಾಕಿ ತೂತಿಗೊಂದು ರಬ್ಬರ್ ಬಿರಡೆ ಇಡಿ. ಮೂಗು ಕೊಯ್ಯುವ ಕೆಲಸ ಇದೇ. ಕೆಟ್ಟ ಭಾಗ ಯಾವುದೆಂದು ಕೇಳುವ ವ್ಯವಧಾನ ಇಬ್ಬರಿಗೂ ಇರುವುದಿಲ್ಲ. ಆದರೆ ಕಿವಿಗೊಟ್ಟರೆ ಯಂತ್ರವೇ ತನ್ನ ರೋಗವನ್ನು ಹೇಳುತ್ತದೆ. ರೇಡಿಯೋ ಹಾಕಿದಾಗ ಮೋಟಾರಿನ ಸದ್ದು ಕೇಳಿ ಕೊಳವೆ ಏರದಿದ್ದರೆ ದಾರ ಅಥವಾ ಅದರ ಹಲ್ಲು ಕೆಟ್ಟಿರುವುದು ಹೆಚ್ಚು ಸಂಭವ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ತಂತಿ, ರಿಲೇ, ಕೊನೆಗೆ ಮೋಟಾರು. ಕೊಳವೆ ಚೆನ್ನಾಗಿ ಏರಿಯೂ ಧ್ವನಿ ಬಾರದಿದ್ದರೆ ರೇಡಿಯೋಗೆ ಹೋಗುವ ಕೇಬಲ್ಲನ್ನೂ ಏರಿಯಲ್ಲಿನ ಬುಡ ಕಾರಿನ ಲೋಹವನ್ನು ಮುಟ್ಟುವಲ್ಲಿ ಹಿಡಿದ ತುಕ್ಕನ್ನೂ ನೋಡಬೇಕು. ನಾಲ್ಕು ನಿಮಿಷದ ಈ ಪರೀಕ್ಷೆಗೆ ಹಣ ಬೇಡ, ತಾಳ್ಮೆ ಸಾಕು.

ದಾರ ಮಾತ್ರ ಕೆಟ್ಟಿದ್ದರೆ ಮೋಟಾರನ್ನು ಮುಟ್ಟಬೇಕಾಗಿಯೇ ಇಲ್ಲ. ಕೊಳವೆಯೂ ದಾರವೂ ಸೇರಿದ ಬಿಡಿಭಾಗ ಅನೇಕ ಮಾದರಿಗಳಿಗೆ ಪ್ರತ್ಯೇಕವಾಗಿ ದೊರೆಯುತ್ತದೆ. ಕೊಳ್ಳುವಾಗ ದಾರದ ಉದ್ದ, ಹಲ್ಲುಗಳ ಅಂತರ, ತಿರುಪಿನ ಅಳತೆ ಈ ಮೂರೂ ಹಳೆಯದಕ್ಕೆ ಹೊಂದಬೇಕು. ಕೆಲಸಕ್ಕೆ ಇಬ್ಬರು ಬೇಕು. ಬಣ್ಣಕ್ಕೆ ಗೀರು ಬೀಳದಂತೆ ಸುತ್ತಲೂ ಬಟ್ಟೆ ಹಾಸಿ ಮೇಲಿನ ನಟ್ಟನ್ನು ಬಿಚ್ಚಬೇಕು. ಒಬ್ಬರು ರೇಡಿಯೋ ಹಾಕಿದರೆ ಮೋಟಾರು ಹಳೆಯ ಕೊಳವೆಯನ್ನೂ ದಾರವನ್ನೂ ತಾನೇ ಹೊರಗೆ ನೂಕುತ್ತದೆ. ಇನ್ನೊಬ್ಬರು ಮೆಲ್ಲನೆ ಹಿಡಿದುಕೊಂಡರೆ ಸಾಕು, ಜಗ್ಗಬಾರದು. ಹೊರಬಂದ ದಾರವನ್ನು ಹೊಸದರ ಪಕ್ಕದಲ್ಲಿಟ್ಟು ಅಳೆಯಬೇಕು. ಹಳೆಯದು ಗಿಡ್ಡವಾಗಿದ್ದರೆ ಅದರ ತುಂಡು ಡಬ್ಬಿಯೊಳಗೇ ಉಳಿದಿದೆ ಎಂದರ್ಥ. ಆಗ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಯಂತ್ರವನ್ನು ಹೊರತೆಗೆದು, ಡಬ್ಬಿಯ ಮುಚ್ಚಳ ತೆರೆದು ತುಂಡನ್ನು ತೆಗೆಯದೆ ಗತ್ಯಂತರವಿಲ್ಲ. ಈ ಅಳತೆಯನ್ನು ಮರೆತು ಹೊಸ ದಾರ ತುರುಕಿದರೆ ಅದೂ ಸಿಕ್ಕಿಕೊಳ್ಳುತ್ತದೆ.

ಎಲ್ಲ ತುಂಡೂ ಹೊರಬಂದಿದ್ದರೆ, ಹೊಸ ದಾರದ ಹಲ್ಲು ಚಕ್ರದ ಕಡೆಗೆ ಮುಖಮಾಡುವಂತೆ ಇಳಿಬಿಡಬೇಕು. ತಡೆ ತಗುಲಿದಾಗ ರೇಡಿಯೋ ಆರಿಸಬೇಕು. ಹಿಂದಕ್ಕೆ ತಿರುಗುವ ಚಕ್ರ ದಾರವನ್ನು ಕಚ್ಚಿ ಒಳಗೆಳೆದುಕೊಳ್ಳುತ್ತದೆ. ಕೊಳವೆಯನ್ನು ನೆಟ್ಟಗೆ ಹಿಡಿದು ಒಳಗೆ ಬಿಟ್ಟು, ನಟ್ಟು ಬಿಗಿದು, ಎರಡು ಮೂರು ಬಾರಿ ಏರಿಸಿ ಇಳಿಸಿದರೆ ಕೆಲಸ ಮುಗಿಯಿತು. ಆಮೇಲೆ ತಿಂಗಳಿಗೊಮ್ಮೆ ಕೊಳವೆಯನ್ನು ಏರಿಸಿ, ತೆಳು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರಸಿ, ಹೆಚ್ಚಾದದ್ದನ್ನು ತೆಗೆಯಬೇಕು. ಗ್ರೀಸು ಬಳಿಯಬಾರದು, ಅದು ಧೂಳನ್ನು ಕರೆದು ಕೂರಿಸುತ್ತದೆ.

ಇನ್ನೊಂದು ಮಾತು. ಹಳೆಯ ಕಾರಿಗೆ ಹೊಸ ರೇಡಿಯೋ ಹಾಕಿಸಿದ ದಿನವೇ ಏರಿಯಲ್ಲು ಏಳುವುದನ್ನು ನಿಲ್ಲಿಸಿದರೆ ತಪ್ಪು ಏರಿಯಲ್ಲಿನದಾಗಿರಲಾರದು. ಹೊಸ ರೇಡಿಯೋಗಳ ಹಿಂದೆ ಏರಿಯಲ್ಲಿಗೆಂದು ಸಾಮಾನ್ಯವಾಗಿ ಒಂದು ನೀಲಿ ತಂತಿ ಇರುತ್ತದೆ. ಅದನ್ನು ಜೋಡಿಸದೆ ಸುತ್ತಿಟ್ಟಿರಬಹುದು. ಆ ತಂತಿ ಹೊರುವುದು ಅಲ್ಪ ವಿದ್ಯುತ್ತನ್ನು ಮಾತ್ರ. ಅದನ್ನು ರಿಲೇಗೆ ಕೊಡಬೇಕೇ ಹೊರತು ನೇರವಾಗಿ ಮೋಟಾರಿಗೆ ಕೊಡಬಾರದು, ಕೊಟ್ಟರೆ ರೇಡಿಯೋಗೇ ಕೇಡು. ಒಂದು ತಂತಿ ಸೇರಿಸದ ಕಾರಣಕ್ಕೆ ಒಳ್ಳೆಯ ಏರಿಯಲ್ಲನ್ನು ಗುಜರಿಗೆ ಹಾಕುವುದು ಎಂಥ ನ್ಯಾಯ?

ಇಷ್ಟನ್ನು ಕೇಳಿ ಕೆಲವರು ಆಕ್ಷೇಪಿಸಬಹುದು: “ಕೈಯಲ್ಲಿ ಮೊಬೈಲು ಇರುವಾಗ ಕಾರಿನ ರೇಡಿಯೋ ಯಾರಿಗೆ ಬೇಕು?” ಈ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಹಾಡು ಕೇಳಲು ಮೊಬೈಲು ಸಾಕು. ಆದರೆ 2018ರ ಆಗಸ್ಟಿನಲ್ಲಿ ಕೇರಳದಲ್ಲಿ ಮಹಾಪ್ರವಾಹ ಬಂದಾಗ ಎಷ್ಟೋ ಕಡೆ ವಿದ್ಯುತ್ತೂ ದೂರವಾಣಿಯೂ ಕಡಿದುಹೋಗಿದ್ದವು. ಅಂಥ ವೇಳೆ ಸ್ವಂತ ಬ್ಯಾಟರಿಯುಳ್ಳ ಕಾರು, ದೂರದ ಒಂದೇ ಗೋಪುರದಿಂದ ಸಾವಿರಾರು ಮನೆಗಳಿಗೆ ಬರುವ ಧ್ವನಿ, ಇವೆರಡು ಸೇರಿದರೆ ದೊಡ್ಡ ಆಸರೆ. ಅಮೆರಿಕದ ಸಂಸತ್ತಿನಲ್ಲಿ 2023ರಲ್ಲಿ ಹೊಸ ಕಾರುಗಳಲ್ಲೆಲ್ಲ ಎ.ಎಂ. ರೇಡಿಯೋ ಕಡ್ಡಾಯವಾಗಿರಬೇಕೆಂಬ ಮಸೂದೆಯನ್ನು ಮಂಡಿಸಿದರು. ಆಪತ್ಕಾಲದ ಎಚ್ಚರಿಕೆ ಜನರನ್ನು ಮುಟ್ಟುವ ದಾರಿ ಮುಚ್ಚಬಾರದೆಂಬುದೇ ಅಲ್ಲಿ ಮುಖ್ಯವಾದ ವಾದ. ಹೊಸ ಕಾರಿನಲ್ಲೇ ಬೇಕೆನ್ನುವುದನ್ನು ಹಳೆಯ ಕಾರಿನಿಂದ ಕಿತ್ತೆಸೆಯುವುದು ಬುದ್ಧಿವಂತಿಕೆಯೆನಿಸದು.

ರಬ್ಬರಿನ ಗಿಡ್ಡ ಕಡ್ಡಿ ಸಾಲದೇ ಎಂಬುದು ಎರಡನೆಯ ಆಕ್ಷೇಪ. ಗಿಡ್ಡ ಕಡ್ಡಿ ಹಿಡಿಯುವ ಅಲೆ ಕಡಿಮೆ. ಕೊರತೆಯನ್ನು ತುಂಬಲು ಅದರೊಳಗೆ ವರ್ಧಕವನ್ನು ಇಡಬೇಕಾಗುತ್ತದೆ. ವರ್ಧಕವು ಧ್ವನಿಯೊಡನೆ ಗದ್ದಲವನ್ನೂ ಹಿಗ್ಗಿಸುತ್ತದೆ. ಹಾಗೆಂದು ನಾವು ಹಟ ಹಿಡಿಯುವುದಿಲ್ಲ. ಮೋಟಾರು ಸುಟ್ಟುಹೋಗಿ ಬಿಡಿಭಾಗ ಎಲ್ಲೂ ಸಿಗದಿದ್ದರೆ, ಏರದೆ ಇಳಿಯದೆ ನಿಲ್ಲುವ ಸಾದಾ ಉದ್ದ ಕಡ್ಡಿಯನ್ನು ಹಾಕುವುದೇ ಮರ್ಯಾದೆಯ ಪರಿಹಾರ. ಅದಕ್ಕೆ ಮೋಟಾರಿನ ಬಿಂಕವಿಲ್ಲ, ಕೆಲಸ ಮಾತ್ರ ಉಂಟು. ಪರೀಕ್ಷಿಸಿ ನೋಡಿ ಬದಲಾಯಿಸುವುದು ಬೇರೆ, ನೋಡದೆ ಎಸೆಯುವುದು ಬೇರೆ.

ತಪ್ಪೆಲ್ಲ ಬಳಸುವವರದ್ದೆಂದು ಹೇಳುವುದೂ ಸರಿಯಲ್ಲ. ತಯಾರಕರು ಸಣ್ಣ ಭಾಗವನ್ನು ಬಿಡಿಯಾಗಿ ಮಾರದೆ ಇಡೀ ಯಂತ್ರವನ್ನೇ ಕೊಳ್ಳಿರೆಂದರೆ ಗ್ಯಾರೇಜಿನವನಾದರೂ ಏನು ಮಾಡಬೇಕು? ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಒಂದು ಸಮಿತಿಯನ್ನು ನೇಮಿಸಿತು. ಅದು ಮೊದಲಿಗೆ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನಗಳೂ ಒಂದು. ಐರೋಪ್ಯ ಒಕ್ಕೂಟವು 2024ರಲ್ಲಿ ಗೃಹೋಪಯೋಗಿ ವಸ್ತುಗಳ ದುರಸ್ತಿಗೆ ಪ್ರೋತ್ಸಾಹ ಕೊಡುವ ನಿರ್ದೇಶವನ್ನೇ ಅಂಗೀಕರಿಸಿತು. ಇವು ಸ್ವಾಗತಾರ್ಹ. ಆದರೆ ಹಕ್ಕು ಕಾಗದದಲ್ಲಿದ್ದು ಕೈಗೆ ವಿದ್ಯೆ ಇಲ್ಲದಿದ್ದರೆ ಪ್ರಯೋಜನವೇನು? ದುರಸ್ತಿಯ ಹಕ್ಕಿನ ಜೊತೆಗೆ ದುರಸ್ತಿಯ ಅಭ್ಯಾಸವೂ ಬೇಕು.

ಆ ಅಭ್ಯಾಸ ಆರಂಭವಾಗಬೇಕಾದುದು ಶಾಲೆಯಲ್ಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಾಹನಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಗ್ಯಾರೇಜಿನ ಮಾತು ನಾಲ್ಕಾರು ಭಾಷೆಗಳ ಮಿಶ್ರಣ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಯಂತ್ರ ದೂರ ಎಂಬ ಅಳುಕು ನಮ್ಮ ಮಕ್ಕಳಲ್ಲಿ ಉಂಟು. ಅದಕ್ಕೆ ಆಧಾರವಿಲ್ಲ. ದಾರ, ಹಲ್ಲು, ಚಕ್ರ, ತಿರುಪು, ಕೊಳವೆ, ಸುರುಳಿ ಎಂಬ ಮಾತುಗಳಿಂದಲೇ ಈ ಯಂತ್ರದ ಕಥೆಯನ್ನು ಮೇಲೆ ಹೇಳಿದ್ದೇವೆ. ಇವೆಲ್ಲ ನಮ್ಮ ಅಡುಗೆಮನೆ, ಬಾವಿಕಟ್ಟೆ, ತೋಟಗಳ ಮಾತುಗಳೇ. ಉಳಿದ ಫ್ಯೂಸು, ರಿಲೇಗಳನ್ನು ಹಾಗೆಯೇ ಕನ್ನಡಕ್ಕೆ ಕರೆದುಕೊಂಡರೆ ಭಾಷೆಗೆ ನಷ್ಟವೇನೂ ಇಲ್ಲ.

ವಾರಕ್ಕೊಂದು ಗಂಟೆ, ಒಂದು ಮೇಜು, ನಾಲ್ಕು ಹತ್ಯಾರು, ಕೆಟ್ಟುಹೋದ ಒಂದು ವಸ್ತು. ಇಷ್ಟಿದ್ದರೆ ವಿಜ್ಞಾನ ಸಂಘದ ಹುಡುಗರೂ ಹುಡುಗಿಯರೂ ಸುತ್ತ ಕುಳಿತು, ಲಕ್ಷಣವೇನು, ಕಾರಣವೇನು, ಪರಿಹಾರವೇನು ಎಂದು ಕನ್ನಡದಲ್ಲಿ ಬರೆದಿಡಬಹುದು. ವರ್ಷ ಕಳೆದಾಗ ಅದೇ ಊರಿಗೊಂದು ಕೈಪಿಡಿಯಾದೀತು. ತೆರೆಯುವ ಮೊದಲು ವಿದ್ಯುತ್ತನ್ನು ಕಡಿಯುವುದು, ತಿರುಗುವ ಚಕ್ರದಿಂದ ಬೆರಳನ್ನು ದೂರವಿಡುವುದು ಮೊದಲ ಪಾಠವಾಗಲಿ. ಎಸೆಯುವ ಮೊದಲು ಬಿಚ್ಚಿ ನೋಡುವುದು ಎರಡನೆಯ ಪಾಠ. ಈ ಎರಡನ್ನು ಕಲಿತ ವಿದ್ಯಾರ್ಥಿಯು ಮುಂದೆ ಯಾವ ಊರಿಗೆ ಹೋದರೂ, ಯಾವ ಭಾಷೆಯ ಗ್ಯಾರೇಜಿನಲ್ಲಿ ನಿಂತರೂ “ಕೆಟ್ಟದ್ದು ಯಾವುದು, ತೋರಿಸಿ” ಎಂದು ಧೈರ್ಯವಾಗಿ ಕೇಳಬಲ್ಲನು. ಅಂಥ ಮೇಜೊಂದು ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಬೇಗನೆ ಸಜ್ಜಾಗಲೆಂದು ಆಶಿಸುತ್ತೇವೆ.