ಓದಲಾಗದ ಹೆಮ್ಮೆ

ನವೆಂಬರ್ ಬಂತೆಂದರೆ ಯಾವುದಾದರೊಂದು ವೇದಿಕೆಯಲ್ಲಿ ಆ ಮಾತು ಬಂದೇ ಬರುತ್ತದೆ: ಎರಡನೆಯ ಶತಮಾನದ ಗ್ರೀಕ್ ಪ್ರಹಸನದಲ್ಲೇ ಕನ್ನಡವಿತ್ತು! ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ. ತಟ್ಟಿದವರಲ್ಲಿ ಆ ಪ್ರಹಸನದ ಮೂಲ ಹಾಳೆ ಓದಬಲ್ಲವರು ಎಷ್ಟು ಮಂದಿ?

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆ ಅಗೆದವರು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್. ಅಲ್ಲಿ ಸಿಕ್ಕ ಪಪೈರಸ್ ಚೂರುಗಳಲ್ಲಿ 413ನೆಯದಾಗಿ 1903ರಲ್ಲಿ ಅಚ್ಚಾದದ್ದು ಈ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಯಾದ ಖರಿತಿಯೊನ್ ಎಂಬ ಗ್ರೀಕ್ ಹೆಣ್ಣು, ಬಿಡಿಸಲು ಬಂದ ಸೋದರ, ಇಲ್ಲಿನ ರಾಜನಿಗೆ ಕಂಠಪೂರ್ತಿ ಕುಡಿಸಿ ಹಡಗು ಹತ್ತುವ ಉಪಾಯ. ಹೂಸು ಬಿಟ್ಟು ಶತ್ರುಗಳನ್ನು ಓಡಿಸುವ ವಿದೂಷಕನೂ ಇದ್ದಾನೆ. ವೇದಿಕೆಯಲ್ಲಿ ಅವನ ಸುದ್ದಿ ಯಾರೂ ಎತ್ತುವುದಿಲ್ಲ.

ರಾಜನ ಕಡೆಯವರ ಮಾತು ಗ್ರೀಕಲ್ಲ. ಅದು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಹೇಳಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಬೆನ್ನು ಹತ್ತಿದರು. 1926ರಲ್ಲಿ ಇಂಗ್ಲಿಷ್ ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ಒಂದೇ ಪದ ನೋಡಿ: ಕಾಪ್ಪ, ಒಮಿಕ್ರಾನ್, ನ್ಯೂ, ಝೀಟ, ಎಪ್ಸಿಲಾನ್, ಅಯೋಟ. ಇದನ್ನು ‘ಕೊಂಚ’ ಎಂದು ಓದಿದವರುಂಟು. ಗ್ರೀಕಿನಲ್ಲಿ ಚಕಾರವಿಲ್ಲ, ಲಿಪಿಕಾರ ಝೀಟ ಹಾಕಿರಬಹುದು, ಸರಿ. ಆದರೆ ಕೊನೆಯ ಎರಡು ಅಕ್ಷರ ಸೇರಿದರೆ ಆ ಕಾಲಕ್ಕಾಗಲೇ ‘ಈ’ ಎಂಬ ಉಚ್ಚಾರ. ಹಾಗಾದರೆ ಕೊಂಚವೋ, ಕೊಂಜಿಯೋ? ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಕಾಲ ಬೇರೆ, ಎಲ್ಲಿ ಮುರಿಯಬೇಕು? ಹಳಗನ್ನಡವನ್ನೂ ಗ್ರೀಕನ್ನೂ ಬಲ್ಲ ಒಂದೇ ತಲೆ ಬೇಕು ಇದಕ್ಕೆ. ಅಂಥ ತಲೆಯನ್ನು ತಯಾರು ಮಾಡುವ ಆಸೆಯಾದರೂ ನಮಗಿದೆಯೇ?

ಬೆಂಗಳೂರಿನಲ್ಲಿ ಗ್ರೀಕ್ ಇಲ್ಲವೆಂದಲ್ಲ. ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಬೈಬಲ್ ಓದುವವರು ಕಲಿಯುತ್ತಾರೆ. ಗ್ರೀಕ್ ನಾಟಕಕಾರ ಸೊಫೊಕ್ಲಿಸನನ್ನೋ ಲ್ಯಾಟಿನ್ನಿನ ಟ್ಯಾಸಿಟಸನನ್ನೋ ಮೂಲದಲ್ಲಿ ಓದುವ ಹುಚ್ಚಿರುವ ಹಳ್ಳಿ ಹುಡುಗಿ ಎಲ್ಲಿಗೆ ಹೋಗಬೇಕು? ಬಿ.ಎಂ.ಶ್ರೀ. 1929ರಲ್ಲೇ ಸೊಫೊಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನಾಗಿಸಿದರು. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ನಮ್ಮ ಮಾತಿಗೆ ಬಾಳನ್ನೇ ಸವೆಸಿ 1894ರಲ್ಲಿ ನಿಘಂಟು ಕೊಟ್ಟರು. ಅವರಿಗೆ ಹಾರ ಹಾಕುತ್ತೇವೆ. ಇಲ್ಲಿಂದ ಆ ಕಡೆ ಹೊರಟವರ ಲೆಕ್ಕ ಕೇಳಿದರೆ ತಲೆ ತಗ್ಗುತ್ತದೆ.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎನ್ನುವವರಿದ್ದಾರೆ. ಅವರು ಇದನ್ನು ಕೇಳಲಿ. ಅಮೆರಿಕದ ಗುಲಾಮಗಿರಿ ಕೊನೆಗೊಂಡ ಎರಡೇ ವರ್ಷಕ್ಕೆ, 1867ರಲ್ಲಿ, ವಾಷಿಂಗ್ಟನ್ನಿನಲ್ಲಿ ತೆರೆದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನರ ಮಕ್ಕಳು ಗ್ರೀಕ್, ಲ್ಯಾಟಿನ್ ಓದಿದರು. ಕಾದಂಬರಿಕಾರ್ತಿ ಟೋನಿ ಮಾರಿಸನ್ ಈ ಪ್ರಾಚೀನರನ್ನು ಓದಿದ್ದೂ ಅಲ್ಲೇ. 2021ರಲ್ಲಿ ಅಲ್ಲಿನ ಗ್ರೀಕ್-ಲ್ಯಾಟಿನ್ ವಿಭಾಗವನ್ನು ಮುಚ್ಚುತ್ತೇವೆಂದಾಗ ಕೂಡದೆಂದು ಎದ್ದವರು ವಿದ್ಯಾರ್ಥಿಗಳು. ಸಂಸ್ಕೃತದ ಬಾಗಿಲು ಯಾರಿಗೆ ಮುಚ್ಚಿತ್ತೆಂದು ಬಲ್ಲ ನಾಡು ನಮ್ಮದು. ಬಡವರ ಮಕ್ಕಳಿಗೆ ಮಲ್ಲಿಗೆ ಬೇಡವೆಂದು ತೀರ್ಮಾನಿಸಲು ನಾವು ಯಾರು?

ಕುಲಪತಿಗಳೇ, ದೊಡ್ಡ ಪೀಠ, ಕಟ್ಟಡ, ಉದ್ಘಾಟನೆ ಏನೂ ಬೇಡ. ಕನ್ನಡ ವಿಭಾಗದ ಒಂದು ಕೊಠಡಿಯ ಬೀಗ ಸಂಜೆ ಒಂದು ತಾಸು ತೆಗೆಯಿರಿ. ಇರುವುದು 24 ಅಕ್ಷರ. ಒತ್ತಕ್ಷರ ದಾಟಿ ಬಂದ ನಮ್ಮ ಮಕ್ಕಳಿಗೆ ಒಂದು ವಾರದ ಕೆಲಸ. ಮೇಷ್ಟರು ಬೇಕೆಂದರೆ ಸೆಮಿನರಿಯ ಕದ ತಟ್ಟಿ.

ಓದುಗರೇ, ಬರುವ ನವೆಂಬರಿನಲ್ಲಿ ಯಾರಾದರೂ ಗ್ರೀಕ್ ಪ್ರಹಸನದ ಮಾತೆತ್ತಿದರೆ ಚಪ್ಪಾಳೆಗೆ ಮುಂಚೆ ಎದ್ದು ನಿಂತು ಕೇಳಿ: ‘ಸ್ವಾಮಿ, ಆ ಆರು ಅಕ್ಷರ ಓದಿ ತೋರಿಸ್ತೀರಾ?’